ಇಯರ್‌ಫೋನ್ ಬದಲಿಸುವ ಮುನ್ನ: ಎರಡು ಸಾವಿರದ್ದು ಸಾಕೇ, ಹತ್ತು ಸಾವಿರದ್ದು ಬೇಕೇ?

ತಂಗಿಯ ಮಗ ಕಳೆದ ತಿಂಗಳು ಒಂದು ಭಾನುವಾರ ಎರಡು ಇಯರ್‌ಫೋನ್ ಹಿಡಿದುಕೊಂಡು ಮನೆಗೆ ಬಂದ. ಒಂದು ಅವನದೇ, ಎರಡು ಸಾವಿರದ ಆಸುಪಾಸಿನದು. ಇನ್ನೊಂದು ಕಾಲೇಜಿನ ಗೆಳೆಯನಿಂದ ಎರಡು ದಿನದ ಮಟ್ಟಿಗೆ ಕೇಳಿ ತಂದದ್ದು. ಬೆಲೆ ಹತ್ತು ಸಾವಿರಕ್ಕೂ ಮೇಲೆ. "ಮಾಮ, ಇದನ್ನು ಕೇಳಿದ ಮೇಲೆ ನನ್ನದು ಡಬ್ಬದೊಳಗೆ ಕೂತು ಹಾಡಿದ ಹಾಗಿದೆ. ಅಪ್ಪನಿಗೆ ನೀವೇ ಒಂದು ಮಾತು ಹೇಳಬೇಕು" ಎಂದ.

ದಾವಣಗೆರೆಯಲ್ಲಿ ಸಂಜೆ ಹೊತ್ತು ಯಾರು ಮನೆಗೆ ಬಂದರೂ ಮಂಡಕ್ಕಿ ಮಿರ್ಚಿ ಬಂದೇ ಬರುತ್ತದೆ. ತಟ್ಟೆ ಮುಂದಿಟ್ಟುಕೊಂಡೇ ಅವನು ತನ್ನ ಹಳೆಯದನ್ನು ಕಿವಿಗೆ ಸಿಕ್ಕಿಸಿಕೊಂಡು ಹಿಂದೂಸ್ತಾನಿ ಗಾಯನದ ಒಂದು ಖಯಾಲ್ ಹಾಕಿದ. ನಿಮಿಷ ಕಳೆಯುವಷ್ಟರಲ್ಲಿ "ನೋಡಿ, ಇದರಲ್ಲಿ ಎಡದ ತಬಲಾ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ" ಎಂದ. ನಾನು ಅವನ ದವಡೆಯನ್ನೇ ನೋಡುತ್ತಿದ್ದೆ. ಮಂಡಕ್ಕಿ ಅಗಿದಾಗಲೆಲ್ಲ ಎಡಗಿವಿಯ ಇಯರ್‌ಫೋನ್ ಒಂದು ಅಕ್ಕಿಕಾಳಿನಷ್ಟು ಆಚೆಗೆ ಜರುಗಿ ಮತ್ತೆ ಒಳಗೆ ಬರುತ್ತಿತ್ತು. ಅಗಿಯುವುದನ್ನು ನಿಲ್ಲಿಸು ಎಂದೆ. ನಿಲ್ಲಿಸಿದ, ಡಗ್ಗಾ, ಅಂದರೆ ಆ ಎಡದ ತಬಲಾ, ಮರಳಿತು. ಡಬ್ಬಿಯಲ್ಲಿ ಕೈಮುಟ್ಟದೆ ಬಿದ್ದಿದ್ದ ದೊಡ್ಡ ಅಳತೆಯ ರಬ್ಬರ್ ಟಿಪ್ ತೆಗೆದು ಎಡಗಡೆಗೆ ಮಾತ್ರ ಹಾಕಿಕೊಟ್ಟೆ. ಅದೇ ಖಯಾಲನ್ನು ಮೊದಲಿನಿಂದ ಕೇಳಿದವನು ಐದು ನಿಮಿಷ ಮಾತೇ ಆಡಲಿಲ್ಲ. ಒಂದೂವರೆ ವರ್ಷದಿಂದ ಅವನು ತನ್ನ ಇಯರ್‌ಫೋನನ್ನು ಪೂರ್ತಿಯಾಗಿ ಕೇಳಿಯೇ ಇರಲಿಲ್ಲ.

ಇಯರ್‌ಫೋನ್ ಕಿವಿಯ ನಾಳವನ್ನು ಮುಚ್ಚಿ, ಒಳಗೆ ಸಿಕ್ಕಿಕೊಂಡ ಸ್ವಲ್ಪವೇ ಗಾಳಿಯನ್ನು ಒತ್ತಿ ಎಳೆದು ಸದ್ದು ಮಾಡುತ್ತದೆ. ಮುಚ್ಚಳ ಬಿಗಿಯಾಗಿರುವಷ್ಟು ಹೊತ್ತು ಮಾತ್ರ ಆ ಒತ್ತಡ ನಿಲ್ಲುತ್ತದೆ. ಎಳೆಯಷ್ಟು ಸಂದು ಬಿಟ್ಟರೂ ಮೊದಲು ಸೋರಿಹೋಗುವುದು ಕೆಳಗಿನ ಸ್ವರಗಳೇ. ಹಾಡಿನ ಮೇಲ್ಭಾಗ ಹಾಗೆಯೇ ಉಳಿದು ಬುಡ ಹೋದಾಗ ಕೇಳುವವರಿಗೆ "ತೆಳು", "ಡಬ್ಬ", "ಕಿರಿಕಿರಿ" ಎನ್ನಿಸುತ್ತದೆ. ದೋಷ ಟಿಪ್ಪಿನದು, ಬೈಗುಳ ಇಯರ್‌ಫೋನಿಗೆ. ಎರಡೂ ಕಿವಿಯ ನಾಳ ಒಂದೇ ಅಳತೆಯಲ್ಲಿರಬೇಕೆಂದಿಲ್ಲ ಎಂಬುದನ್ನು ಬಹಳ ಮಂದಿ ಯೋಚಿಸುವುದೇ ಇಲ್ಲ. ಎಡಕ್ಕೆ ದೊಡ್ಡದು, ಬಲಕ್ಕೆ ಮಧ್ಯಮ ಹಾಕಿಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ. ಹಾಕಿಕೊಳ್ಳುವಾಗ ಇನ್ನೊಂದು ಕೈಯಿಂದ ಕಿವಿಯ ಮೇಲಂಚನ್ನು ಹಿಂದಕ್ಕೂ ಮೇಲಕ್ಕೂ ಎಳೆದು ಹಿಡಿದರೆ ನಾಳ ನೇರವಾಗಿ ಟಿಪ್ ಸಲೀಸಾಗಿ ಒಳಗೆ ಕೂರುತ್ತದೆ. ಸಿಲಿಕೋನ್ ಟಿಪ್ ಯಾವುದೂ ಹೊಂದದಿದ್ದರೆ ಬೆರಳಲ್ಲಿ ಹಿಸುಕಿ ಒಳಗಿಟ್ಟ ಮೇಲೆ ಅರಳುವ ಫೋಮ್ ಟಿಪ್ ನೋಡಿ. ಫೋಮ್ ಮೇಲಿನ ಸ್ವರಗಳ ಚೂಪನ್ನು ಸ್ವಲ್ಪ ಮೆತ್ತಗಾಗಿಸುತ್ತದೆ, ಕೆಲವು ತಿಂಗಳಿಗೆ ಸವೆಯುತ್ತದೆ.

ಎರಡನೆಯ ಮೋಸ ವಾಲ್ಯೂಮಿನದು. ಗೆಳೆಯನ ಇಯರ್‌ಫೋನ್ ಹೆಚ್ಚು ಸೂಕ್ಷ್ಮವಾದದ್ದು. ಮೊಬೈಲಿನಲ್ಲಿ ಅದೇ ಗೆರೆಗೆ ಅದು ಜೋರಾಗಿ ನುಡಿಯುತ್ತಿತ್ತು. ಒಂದೆರಡು ಡೆಸಿಬೆಲ್ ವ್ಯತ್ಯಾಸವನ್ನು ನಮ್ಮ ಕಿವಿ "ಜೋರು" ಎಂದು ಗುರುತಿಸುವುದಿಲ್ಲ, "ಚೆನ್ನಾಗಿದೆ" ಎಂದು ಗುರುತಿಸುತ್ತದೆ. ಸದ್ದು ಕಡಿಮೆಯಾದಂತೆ ಕೆಳಗಿನ ಸ್ವರಗಳಿಗೆ ಮನುಷ್ಯನ ಕಿವಿ ಮಂದವಾಗುತ್ತದೆ ಎಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಷ್ಟು ಹಿಂದೆಯೇ ಅಳೆದು ತೋರಿಸಿದ್ದಾರೆ. ಅದಕ್ಕೇ ಜೋರಾಗಿರುವುದರಲ್ಲಿ ಬೇಸ್, ಅಂದರೆ ಕೆಳಗಿನ ಸ್ವರಗಳು, ತುಂಬಿಕೊಂಡಂತೆ ಕೇಳುತ್ತದೆ. ಸದ್ದನ್ನು ಸಮ ಮಾಡದೆ ಮಾಡಿದ ಯಾವ ಹೋಲಿಕೆಯನ್ನೂ ನಾನು ನಂಬುವುದಿಲ್ಲ, ಎಷ್ಟು ದೊಡ್ಡ ವಿಮರ್ಶಕರೇ ಮಾಡಿರಲಿ.

ಸಮ ಮಾಡುವುದು ಕಷ್ಟವೇನಲ್ಲ. ಗಾರೆ ಕೆಲಸದವರು ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಪೈಪಿದೆಯಲ್ಲ, ಅದರಲ್ಲಿ ಟಿಪ್ ಬಿಗಿಯಾಗಿ ಕೂರುವ ಅಳತೆಯದ್ದನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಗೇಣು ತೆಗೆದುಕೊಳ್ಳಿ. ಒಂದು ಇಂಚು ಕತ್ತರಿಸಿ, ಒಂದು ತುದಿಗೆ ಇಯರ್‌ಫೋನ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬೇರೊಂದು ಮೊಬೈಲಿನ ಮೈಕಿನ ತೂತಿಗೆ ಒತ್ತಿ ಹಿಡಿಯಿರಿ. ಆ ಮೊಬೈಲಿನಲ್ಲಿ ಸದ್ದು ಅಳೆಯುವ ಯಾವುದಾದರೂ ಉಚಿತ ಆ್ಯಪ್ ತೆರೆದಿರಲಿ. ಮೊದಲನೆಯದರಲ್ಲಿ 1000 ಹರ್ಟ್ಜ್ ಸ್ವರ ನುಡಿಸಿ ಅಂಕಿ ಬರೆದಿಟ್ಟುಕೊಳ್ಳಿ. ಎರಡನೆಯದು ಅದೇ ಅಂಕಿಗೆ ಬರುವ ಹಾಗೆ ವಾಲ್ಯೂಮ್ ಹೊಂದಿಸಿ. ಆ್ಯಪ್ ತೋರಿಸುವ ಅಂಕಿ ನಿಜವಾದ ಡೆಸಿಬೆಲ್ ಆಗಿರಬೇಕಿಲ್ಲ. ಎರಡೂ ಒಂದೇ ಅಂಕಿ ತೋರಿಸಿದರೆ ನಮ್ಮ ಕೆಲಸ ಆಯಿತು. ನಾವು ಹೀಗೆ ಮಾಡಿ ಕೇಳಿದಾಗ ಹುಡುಗನ ಹತ್ತು ಸಾವಿರದ ಉತ್ಸಾಹ ಅರ್ಧಕ್ಕೆ ಇಳಿಯಿತು. ಉಳಿದ ಅರ್ಧ ನಿಜವಾದದ್ದು, ಅದರ ಬಗ್ಗೆ ಮಾತಾಡಬೇಕು.

ಇಲ್ಲಿ ಕಿವಿಯ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಆಯ್ಕೆಗಳೆಲ್ಲ ತಾವೇ ಅರ್ಥವಾಗುತ್ತವೆ. ತೆರೆದ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ಕಡೆ ಮುಚ್ಚಿದ ಕೊಳವೆ. ಕೊಳಲಿನ ಹಾಗೆ ಅದಕ್ಕೂ ತನ್ನದೇ ಒಂದು ಸ್ವರವಿದೆ, 3000 ಹರ್ಟ್ಜ್‌ಗೆ ಹತ್ತಿರ. ಹುಟ್ಟಿದಾಗಿನಿಂದ ನಾವು ಎಲ್ಲ ಸದ್ದನ್ನೂ ಅಲ್ಲಿ ಉಬ್ಬಿಸಿಕೊಂಡೇ ಕೇಳುತ್ತಿದ್ದೇವೆ, ಅಮ್ಮನ ದನಿಯನ್ನೂ ಸೇರಿಸಿ. ಇಯರ್‌ಫೋನ್ ಸಿಕ್ಕಿಸಿ ನಾಳದ ಬಾಯಿ ಮುಚ್ಚಿದ ಕೂಡಲೇ ಆ ಉಬ್ಬು ಹೋಗುತ್ತದೆ. ಹೋದದ್ದನ್ನು ತಯಾರಕ ತನ್ನ ಇಯರ್‌ಫೋನಿನಲ್ಲೇ ತುಂಬಿಕೊಡಬೇಕು. ಎಷ್ಟು ತುಂಬುತ್ತಾನೆ ಎಂಬುದರಲ್ಲಿದೆ ಇಯರ್‌ಫೋನಿನ ಗುಣ. ಕಡಿಮೆ ತುಂಬಿದರೆ ಹಾಡುಗಾರ ಕಂಬಳಿ ಹೊದ್ದು ಹಾಡಿದಂತೆ. ಹೆಚ್ಚು ತುಂಬಿದರೆ ತಾರ ಷಡ್ಜಕ್ಕೆ ಹೋದಾಗಲೆಲ್ಲ ದನಿ ಕೂಗಾಗುತ್ತದೆ, ಹಾರ್ಮೋನಿಯಂ ಕಿವಿಗೆ ಚುಚ್ಚುತ್ತದೆ, ಅರ್ಧ ಗಂಟೆಗೆ ತಲೆ ಭಾರವಾಗುತ್ತದೆ.

ಆಡಿಯೊ ಉಪಕರಣ ತಯಾರಿಸುವ ಹಾರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಅವರ ಜೊತೆಗಾರರು ಬಹಳ ಮಂದಿಗೆ ಕೇಳಿಸಿ, ಯಾವ ಸ್ವರ ಎಷ್ಟು ಜೋರಾಗಿದ್ದರೆ ಹೆಚ್ಚಿನವರು ಮೆಚ್ಚುತ್ತಾರೆ ಎಂದು ತೋರಿಸುವ ಒಂದು ರೇಖೆಯನ್ನು ಗುರುತಿಸಿದ್ದಾರೆ. ಇಂದು ಎರಡು ಸಾವಿರದ ಇಯರ್‌ಫೋನ್ ಕೂಡ ಇಷ್ಟು ಚೆನ್ನಾಗಿ ನುಡಿಯುವುದಕ್ಕೆ ಒಂದು ಕಾರಣ, ತಯಾರಕರ ಕಣ್ಣ ಮುಂದೆ ಇಂಥದ್ದೊಂದು ರೇಖೆ ಇರುವುದು. ಆದರೆ ಅದು ಬಹುಮತದ ರುಚಿ. ಅದರಲ್ಲಿನ ಬೇಸ್ ನನ್ನಂಥ ಗಾಯನದ ಕೇಳುಗನಿಗೆ ಒಂದು ಚಮಚ ಹೆಚ್ಚು. ವಿಮರ್ಶೆಗಳಲ್ಲಿ ಬರುವ ನಕ್ಷೆಗಳನ್ನು ನೋಡಿ, ಆದರೆ 8000 ಹರ್ಟ್ಜ್ ಆಸುಪಾಸಿನಿಂದ ಮೇಲಿನ ಭಾಗವನ್ನು ಅಕ್ಷರಶಃ ನಂಬಬೇಡಿ. ಟಿಪ್ ಎಷ್ಟು ಆಳಕ್ಕೆ ಹೋಯಿತು ಎಂಬುದರ ಮೇಲೆ ಅಲ್ಲಿನ ಉಬ್ಬು ಆಚೀಚೆ ಜರುಗುತ್ತದೆ. ನನಗೆ ಚೂಪಾದದ್ದು ನಿಮಗೆ ಹಿತವಾಗಿ ಕೇಳುವುದು ಇದರಿಂದಲೇ.

ಹೋಲಿಸುವಾಗ ಏನನ್ನು ಕೇಳಬೇಕು? ಹೊಸ ಸಿನಿಮಾ ಹಾಡುಗಳಿಂದ ಶುರು ಮಾಡಬೇಡಿ. ಅವುಗಳಲ್ಲಿ ಎಲ್ಲವೂ ಒತ್ತಿ ತುಂಬಿರುತ್ತದೆ, ವ್ಯತ್ಯಾಸ ಸುಲಭಕ್ಕೆ ಸಿಕ್ಕುವುದಿಲ್ಲ. ನಾನು ಹುಡುಗನಾಗಿದ್ದಾಗ ನಾಲ್ಕು ವರ್ಷ ತಬಲಾ ಕಲಿತವನು, ಆದ್ದರಿಂದ ಮೊದಲು ಕೇಳುವುದು ಡಗ್ಗಾ. ಅಂಗೈ ಬುಡವನ್ನು ಚರ್ಮದ ಮೇಲೆ ಒತ್ತಿ ಸರಿಸಿದಾಗ ಬರುವ ಗುಮ್ಕಿಯಲ್ಲಿ ಸ್ವರ ಕೆಳಗಿನಿಂದ ಮೇಲಕ್ಕೆ ಜಾರಿ ಏರುತ್ತದೆ. ಒಳ್ಳೆಯ ಇಯರ್‌ಫೋನಿನಲ್ಲಿ ಆ ಏರಿಕೆಯ ದಾರಿ ಕೇಳುತ್ತದೆ, ಒತ್ತಿದ ಅಂಗೈ ಕಣ್ಣಿಗೆ ಕಟ್ಟುತ್ತದೆ. ಬೇಸ್ ಉಬ್ಬಿಸಿದ್ದರಲ್ಲಿ ಬರೀ "ಧುಂ" ಎಂಬ ಉಂಡೆ. ಅದು ಬೇಸ್ ಹೆಚ್ಚಿರುವುದು, ಬೇಸ್ ಚೆನ್ನಾಗಿರುವುದಲ್ಲ. ಎರಡನೆಯದು ತಂಬೂರಿ. ತಂತಿಯ ಕೆಳಗೆ ನೂಲೆಳೆ ಸರಿಸಿ ಜವಾರಿ (ಝೇಂಕಾರ) ಕೂರಿಸಿದ ತಂಬೂರಿಯಲ್ಲಿ ಒಂದೇ ಮೀಟಿಗೆ ಹತ್ತಾರು ಸ್ವರಗಳು ಬಿಚ್ಚಿಕೊಳ್ಳುತ್ತವೆ. ಹಾಡುಗಾರ ಎತ್ತರದಲ್ಲಿ ಹಾಡುತ್ತಿರುವಾಗಲೂ ಹಿಂದಿನ ತಂಬೂರಿ ಕರಗದೆ ಪ್ರತ್ಯೇಕ ಉಳಿದರೆ ಆ ಇಯರ್‌ಫೋನಿಗೆ ನಾನು ಗೌರವ ಕೊಡುತ್ತೇನೆ. ಎರಡು ಸಾವಿರಕ್ಕೂ ಹತ್ತು ಸಾವಿರಕ್ಕೂ ನನಗೆ ಅತಿ ಸ್ಪಷ್ಟವಾಗಿ ಕಂಡ ವ್ಯತ್ಯಾಸ ಇಲ್ಲೇ.

ಮೂರನೆಯದು ಗಂಗೂಬಾಯಿ ಹಾನಗಲ್ ಅವರ ದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಆಳಕ್ಕಿಳಿದ ಆ ಕಂಠದ ಭಾರ ಇರುವುದು ಮಧ್ಯದ ಸ್ವರಗಳಲ್ಲಿ. ಮಧ್ಯವನ್ನು ತಗ್ಗಿಸಿ ಎರಡು ತುದಿ ಎತ್ತಿದ ಇಯರ್‌ಫೋನಿನಲ್ಲಿ ಅವರು ದೂರದ ಕೋಣೆಯಿಂದ ಹಾಡುತ್ತಾರೆ. ಕೊನೆಯದು ಕನ್ನಡ ವಾರ್ತೆ. ವಾರ್ತೆ ಓದುವವರ "ಸ" ಮತ್ತು "ಶ" ಗಮನಿಸಿ. "ಶ"ದ ಸದ್ದು ಇರುವುದಕ್ಕಿಂತ ಮೇಲಕ್ಕೆ "ಸ"ದ ಸದ್ದು ಇದೆ. ಎರಡೂ ಬೇರೆಯಾಗಿ ಕೇಳಬೇಕು, ಆದರೆ "ಸ" ಬಂದಾಗಲೆಲ್ಲ ಸೀಟಿ ಊದಬಾರದು. ಚಿತ್ರದುರ್ಗ ಆಕಾಶವಾಣಿಯನ್ನು ಮೊಬೈಲಿನ ಎಫ್‌ಎಂನಲ್ಲಿ ಕೇಳುವವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ: ಅಲ್ಲಿ ವೈರಿನ ಇಯರ್‌ಫೋನೇ ಆಂಟೆನಾ.

ಈಗ ಆಯ್ಕೆಗಳು. ಎರಡು ಸಾವಿರದ ವರ್ಗದಲ್ಲಿ ಮೂನ್‌ಡ್ರಾಪ್ ಚು 2, ಸೆವೆನ್ ಹರ್ಟ್ಜ್ ಝೀರೋ ಮುಂತಾದವು ಒಂದೊಂದು ಕಿವಿಗೆ ಒಂದೇ ಡೈನಾಮಿಕ್ ಡ್ರೈವರ್ ಇರುವಂಥವು. ಅಂದರೆ ಪುಟ್ಟ ಸ್ಪೀಕರಿನಂತೆ ಪೊರೆಯೊಂದು ನಡುಗಿ ಸದ್ದು ಮಾಡುವಂಥವು. ದನಿ ಸ್ಪಷ್ಟ, ತಪ್ಪು ಕಡಿಮೆ. ಚು ಮೊದಲ ಆವೃತ್ತಿಯಲ್ಲಿ ಕೇಬಲ್ ಬಿಚ್ಚಲು ಬರುತ್ತಿರಲಿಲ್ಲ, ಎರಡನೆಯದರಲ್ಲಿ ಬರುತ್ತದೆ. ಇಯರ್‌ಫೋನ್ ಸಾಯುವುದು ಹೆಚ್ಚಾಗಿ ಪಿನ್ನಿನ ಬುಡದಲ್ಲಿ ತಂತಿ ಮುರಿದು. ಕೇಬಲ್ ಬಿಚ್ಚಲು ಬರುವುದೆಂದರೆ ಆಯಸ್ಸು ಹೆಚ್ಚಿದಂತೆ. ನೀವು ಫೋನಿನ ಜೊತೆ ಬಂದದ್ದನ್ನೋ ಬಸ್ ನಿಲ್ದಾಣದಲ್ಲಿ ಕೊಂಡ ಇನ್ನೂರು ರೂಪಾಯಿಯದನ್ನೋ ಬಳಸುತ್ತಿದ್ದರೆ ಈ ವರ್ಗಕ್ಕೆ ಬನ್ನಿ, ಕಣ್ಣು ಮುಚ್ಚಿಕೊಂಡು ಬನ್ನಿ. ಇಡೀ ಏಣಿಯಲ್ಲಿ ಇದಕ್ಕಿಂತ ದೊಡ್ಡ ಮೆಟ್ಟಿಲು ಇನ್ನೊಂದಿಲ್ಲ.

ಏಳೆಂಟು ಸಾವಿರದ ವರ್ಗದಲ್ಲಿ ಟ್ರುಥಿಯರ್ ಹೆಕ್ಸಾದಂಥ ಹೈಬ್ರಿಡ್‌ಗಳಿವೆ. ಅದರಲ್ಲಿ ಕೆಳಗಿನ ಸ್ವರಕ್ಕೆ ಒಂದು ಡೈನಾಮಿಕ್ ಡ್ರೈವರ್, ಮೇಲಿನವಕ್ಕೆ ಮೂರು ಬ್ಯಾಲೆನ್ಸ್ಡ್ ಆರ್ಮೇಚರ್. ಈ ಆರ್ಮೇಚರ್ ಎಂಬುದು ಶ್ರವಣ ಸಾಧನದಲ್ಲಿ ಬಳಸುವ ಜಾತಿಯ ಚಿಕ್ಕ ಲೋಹದ ಪೆಟ್ಟಿಗೆ. ಹೆಕ್ಸಾದಲ್ಲಿ ಬೇಸ್ ಮಿತವಾಗಿದೆ, ದನಿ ಮತ್ತು ವಾದ್ಯ ಬಿಡಿಸಿಟ್ಟಂತೆ ಕೇಳುತ್ತವೆ. ತಂಬೂರಿ ಪರೀಕ್ಷೆಯಲ್ಲಿ ನನ್ನ ಮನಸ್ಸು ಗೆದ್ದದ್ದು ಇದೇ. ಡೊಳ್ಳು ಕುಣಿತದ ಧ್ವನಿಮುದ್ರಣದಲ್ಲಿ ಎದೆಗೆ ಗುದ್ದಬೇಕು ಎನ್ನುವವರಿಗೆ ಇದು ಸಪ್ಪೆ ಎನ್ನಿಸಬಹುದು.

ಹತ್ತು ಸಾವಿರ ದಾಟಿದಲ್ಲಿ ಸೆನ್‌ಹೈಸರ್ ಐಇ 200 ಇದೆ. ಒಂದೇ ಡ್ರೈವರ್, 7 ಮಿಲಿಮೀಟರಿನದು, ಬೇಸ್ ಸ್ವಲ್ಪ ಮುಂದಿದೆ. ಇದರ ಟಿಪ್ಪನ್ನು ನಳಿಗೆಯ ಮೇಲೆ ಎರಡು ಜಾಗದಲ್ಲಿ ನಿಲ್ಲಿಸಬಹುದು. ಒಂದರಲ್ಲಿ ಬೇಸ್ ತುಂಬು, ಇನ್ನೊಂದರಲ್ಲಿ ಹಗುರ. ಡ್ರೈವರುಗಳ ಲೆಕ್ಕ ನೋಡಿ ಕೊಳ್ಳುವವರು ಒಂದು ಮಾತು ನೆನಪಿಡಬೇಕು: ಇದೇ ಕಂಪನಿ 2021ರಲ್ಲಿ ಸಾವಿರ ಡಾಲರಿಗೂ ಮೀರಿದ ಬೆಲೆಗೆ ತಂದ ಐಇ 900ರಲ್ಲೂ ಇರುವುದು ಒಂದೇ ಡ್ರೈವರ್. ಕಿವಿಗೊಂದಕ್ಕೆ ಎಂಟು ಎಂದು ಡಬ್ಬದ ಮೇಲೆ ಬರೆದಿದ್ದರೆ ಅದರಿಂದ ಡ್ರೈವರುಗಳ ಎಣಿಕೆ ತಿಳಿಯುತ್ತದೆ, ಅಷ್ಟೇ.

ಎಟಿಮೋಟಿಕ್ ಬೇರೆಯದೇ ದಾರಿ. 1991ರಲ್ಲಿ ಇಆರ್ 4 ಎಂಬ ಮಾದರಿಯನ್ನು ತಂದ ಈ ಕಂಪನಿಯ ಇಯರ್‌ಫೋನಿಗೆ ಮೂರು ಛತ್ರಿ ಒಂದರ ಮೇಲೊಂದು ಕೂರಿಸಿದಂಥ ಟಿಪ್. ನಾಳದ ಆಳಕ್ಕೆ ಇಳಿಯುತ್ತದೆ. ಹೊರಗಿನ ಸದ್ದು ಬಹುತೇಕ ನಿಂತುಹೋಗುತ್ತದೆ, ದನಿ ಅಚ್ಚೊತ್ತಿದಂತೆ ಕೇಳುತ್ತದೆ. ಅಷ್ಟು ಆಳವನ್ನು ಎಲ್ಲರ ಕಿವಿಯೂ ಸಹಿಸುವುದಿಲ್ಲ. ನನ್ನ ಹೆಂಡತಿ ಎರಡು ನಿಮಿಷಕ್ಕೆ ತೆಗೆದಿಟ್ಟಳು. ಸಹಿಸುವವರಿಗೆ ಗಾಯನಕ್ಕೆ ಇದು ಬಹಳ ಪ್ರಾಮಾಣಿಕ ಸಂಗಾತಿ.

ಆದರೆ ಎಲ್ಲಿ ಕೇಳುತ್ತೀರಿ ಎಂಬುದನ್ನು ಬಿಟ್ಟು ಇದಾವುದನ್ನೂ ತೀರ್ಮಾನಿಸಬೇಡಿ. ನಾನು ವಾರಕ್ಕೆ ಐದು ದಿನ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗಿಬರುವವನು, ಒಂದು ದಿಕ್ಕಿಗೆ ಸುಮಾರು 60 ಕಿಲೋಮೀಟರ್. ಹೆದ್ದಾರಿಯಲ್ಲಿ ಬಸ್ಸಿನ ಎಂಜಿನ್ನೂ ಚಕ್ರವೂ ಸೇರಿ ಮಾಡುವ ಸದ್ದು ಬಹುಪಾಲು ಕೆಳಗಿನ ಸ್ವರಗಳದ್ದು. ಡಗ್ಗಾ ಇರುವ ಜಾಗದಲ್ಲೇ ಅದು ಕೂತುಕೊಳ್ಳುತ್ತದೆ. ಮಾಮೂಲಿ ಸಿಲಿಕೋನ್ ಟಿಪ್ ಜನರ ಮಾತನ್ನು ತಡೆಯುವಷ್ಟು ಚೆನ್ನಾಗಿ ಆ ಗುಂಯ್‌ಗುಡುವಿಕೆಯನ್ನು ತಡೆಯುವುದಿಲ್ಲ. ಹತ್ತು ಸಾವಿರದ ವೈರಿನ ಇಯರ್‌ಫೋನಿನ ತಂಬೂರಿ ಭರಮಸಾಗರ ತಲುಪುವ ಮೊದಲೇ ಕಳೆದುಹೋಗಿರುತ್ತದೆ. ಗದ್ದಲ ಅಡಗಿಸುವ ವ್ಯವಸ್ಥೆಯಿರುವ ವೈರ್‌ಲೆಸ್ ಇಯರ್‌ಬಡ್ ಈ ಜಾಗದಲ್ಲಿ ಗೆಲ್ಲುತ್ತದೆ, ಏಕೆಂದರೆ ಆ ತಂತ್ರ ಅತಿ ಚೆನ್ನಾಗಿ ಕೆಲಸ ಮಾಡುವುದು ಕೆಳಗಿನ ಸ್ವರಗಳ ಮೇಲೆಯೇ. ಮನೆಯಲ್ಲಿ ಸದ್ದಿಲ್ಲದಾಗ ಕೇಳಿದರೆ ಅದೇ ಬೆಲೆಯ ವೈರಿನದು ಮುಂದೆ, ಬಸ್ಸಿನಲ್ಲಿ ಹಿಂದೆ. ಇಲ್ಲಿ ಆರೋಗ್ಯದ ಮಾತೂ ಇದೆ. ಗದ್ದಲವನ್ನು ಮೀರಿಸಲು ವಾಲ್ಯೂಮ್ ಏರಿಸುತ್ತ ಹೋಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು ಅದಕ್ಕಿಂತ ಏರಿದಷ್ಟೂ ಗಂಟೆಗಳು ಬೇಗಬೇಗನೆ ಕರಗುತ್ತವೆ.

ವೈರ್‌ಲೆಸ್‌ನ ಕೊರತೆ ಅದರ ಬ್ಯಾಟರಿ. ಕಾಳಿನಷ್ಟು ಸೆಲ್ ದಿನವೂ ತುಂಬಿ ಖಾಲಿಯಾಗಿ ಕೆಲವೇ ವರ್ಷಕ್ಕೆ ಸುಸ್ತಾಗುತ್ತದೆ, ಬದಲಿಸಿಕೊಡುವವರು ನಮ್ಮ ಊರಿನಲ್ಲಿ ನನಗೆ ಸಿಕ್ಕಿಲ್ಲ. ಎಲ್‌ಡ್ಯಾಕ್, ಎಎಸಿ ಎಂಬ ಕೋಡೆಕ್‌ಗಳ (ಬ್ಲೂಟೂತ್‌ನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನಗಳ) ಬಗ್ಗೆ ಬಸ್ಸಿನಲ್ಲಿ ಕೇಳುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮೊಬೈಲಿನಲ್ಲಿ ಜ್ಯಾಕ್ ಇಲ್ಲದವರು ಚಾರ್ಜಿಂಗ್ ತೂತಿಗೆ ಸಿಕ್ಕಿಸಿ ಇಯರ್‌ಫೋನ್ ಜೋಡಿಸುವ, ಸಾವಿರ ರೂಪಾಯಿಯ ಆಸುಪಾಸಿನ ಒಂದು ಒಳ್ಳೆಯ ಡಾಂಗಲ್ ಕೊಂಡರೆ ಮೇಲಿನ ಯಾವ ಇಯರ್‌ಫೋನಿಗೂ ಸಾಕು. ದುಬಾರಿ ಆಂಪ್ಲಿಫೈಯರ್ ಬೇಡ. ಕೊಳ್ಳುವ ಮೊದಲು ಇನ್ನೊಂದು ಪ್ರಯೋಗವನ್ನೂ ಮಾಡಿ: ಆಂಡ್ರಾಯ್ಡ್‌ನಲ್ಲಿ ಕೆಳಗಿನ, ಮೇಲಿನ ಸ್ವರಗಳನ್ನು ಬೇಕಾದಷ್ಟು ಏರಿಸಿ ಇಳಿಸುವ ವೇವ್‌ಲೆಟ್ ಎಂಬ ಈಕ್ವಲೈಸರ್ ಆ್ಯಪ್ ಇದೆ, ಸಾವಿರಾರು ಮಾದರಿಗಳಿಗೆ ಸಿದ್ಧ ತಿದ್ದುಪಡಿ ಅದರಲ್ಲೇ ಸಿಗುತ್ತದೆ. ನಿಮ್ಮ ಹಳೆಯ ಇಯರ್‌ಫೋನಿನ ಹೆಸರು ಹುಡುಕಿ ಹಾಕಿಕೊಂಡು ಒಂದು ವಾರ ಕೇಳಿ. ಕೊರತೆ ಬೇಸ್ ಅಥವಾ ಚೂಪಿನದಾಗಿದ್ದರೆ ಅಲ್ಲೇ ತೀರುತ್ತದೆ. ತಂಬೂರಿ ಆಗಲೂ ಕರಗಿಯೇ ಕೇಳಿದರೆ ಹಣ ಖರ್ಚು ಮಾಡಲು ನಿಮಗೆ ಸಕಾರಣವಿದೆ.

ಪಿ.ಬಿ. ರಸ್ತೆಯ ಅಂಗಡಿಗಳಲ್ಲಿ ಕಿವಿಗೆ ಹಾಕಿ ನೋಡಲು ಡಬ್ಬ ಒಡೆದು ಕೊಡುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಟಿಪ್ ಕಿವಿಗೆ ತಾಗಿದ ಮೇಲೂ ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲೇ ಓದಿಕೊಳ್ಳಿ. ನಾನು ಒಮ್ಮೆ ಓದದೆ ತರಿಸಿ ನಾಲ್ಕು ಸಾವಿರ ಕಳೆದುಕೊಂಡಿದ್ದೇನೆ. ಇದ್ದುದರಲ್ಲಿ ಒಳ್ಳೆಯ ದಾರಿ ನಮ್ಮ ಹುಡುಗ ಮಾಡಿದ್ದು: ಇರುವವರಿಂದ ಎರಡು ದಿನ ಕೇಳಿ ತರುವುದು, ಬೇರೆ ಟಿಪ್ ಹಾಕಿಕೊಂಡು ಕೇಳುವುದು, ಒರೆಸಿ ಕೊಡುವುದು.

ಅವನ ಮಟ್ಟಿಗೆ ನಾನು ಹೇಳಿದ್ದು ಇಷ್ಟು. ನೀನು ಕೇಳುವುದರಲ್ಲಿ ಮುಕ್ಕಾಲು ಸಿನಿಮಾ ಹಾಡು, ಕೇಳುವ ಜಾಗ ಹಾಸ್ಟೆಲ್ ಮತ್ತು ಬಸ್ಸು. ಹಳೆಯದಕ್ಕೆ ಟಿಪ್ ಸರಿಯಾಯಿತು, ಅದನ್ನೇ ಇನ್ನೊಂದು ವರ್ಷ ಕೇಳು. ಖಯಾಲಿನ ರುಚಿ ಹೀಗೆಯೇ ಬೆಳೆದರೆ ಮುಂದಿನ ವರ್ಷ ಹೈಬ್ರಿಡ್‌ಗೆ ನಾನೇ ಅರ್ಧ ಹಾಕುತ್ತೇನೆ. ಅವನು ಗೆಳೆಯನದನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಡಬ್ಬಿಗೆ ಹಾಕಿಕೊಂಡ, ಉಳಿದ ಗೇಣು ಪೈಪನ್ನೂ ಜೇಬಿಗೆ ಸೇರಿಸಿಕೊಂಡ. ಬುಧವಾರ ರಾತ್ರಿ ಫೋನ್ ಬಂತು: "ಮಾಮ, ನನ್ನ ಗೆಳೆಯನೂ ಬಲಗಿವಿಗೆ ಚಿಕ್ಕ ಟಿಪ್ ಹಾಕಿಕೊಂಡಿದ್ದನಂತೆ."